ಕಾರಿಗೆ ಕರೆಂಟು ಕೊಟ್ಟವರು

ವೆರ್ನಾ ಗಂಡನ ಮನೆ ಬಿಟ್ಟು ಬಂದದ್ದು ಅಕ್ಟೋಬರಿನ ಕೊನೆಯಲ್ಲಿ, ಕೆರೆಗಳ ಅಂಚು ಆಗಷ್ಟೇ ಹೆಪ್ಪುಗಟ್ಟುತ್ತಿದ್ದ ದಿನಗಳಲ್ಲಿ. ಹೊಡೆತ ಬಡಿತ ಇರಲಿಲ್ಲ, ಕುಡಿತವೂ ಇರಲಿಲ್ಲ. ಲಾರ್ನ್ ಮಾತಾಡುತ್ತಿರಲಿಲ್ಲ, ಅಷ್ಟೇ. ದನ ಸಾಗಿಸುವ ಲಾರಿ ಅಂಗಳದಲ್ಲಿ ಬಂದು ನಿಂತ ಮೇಲೆಯೇ ಅವನು ಹಸುಗಳನ್ನೆಲ್ಲ ಮಾರಿದ್ದಾನೆಂಬುದು ಅವಳಿಗೆ ತಿಳಿದದ್ದು. ಅವುಗಳಲ್ಲಿ ಎಷ್ಟೋ ಹಸುಗಳು ಕರುವಾಗಿದ್ದಾಗ ಅವಳ ಅಡುಗೆಮನೆಯ ಒಲೆಯ ಪಕ್ಕದಲ್ಲೇ ಜೀವ ಹಿಡಿದಿದ್ದವು.

"ಒಂದು ಮಾತು ಹೇಳಬಾರದಿತ್ತಾ?" ಎಂದು ಕೇಳಿದಳು.

"ಈಗ ಗೊತ್ತಾಯ್ತಲ್ಲ," ಎಂದು ಅವನು ಟೋಪಿ ಹಾಕಿಕೊಂಡು ಹೊರಗೆ ಹೋದ.

ಅದಾಗಿ ವಾರದೊಳಗೆ ಅವಳು ಎರಡು ಸೂಟ್‌ಕೇಸು, ಹೊಲಿಗೆ ಯಂತ್ರ, ತನ್ನ ಹಳೆಯ ನೀಲಿ ಕಾರು ಇಷ್ಟರೊಂದಿಗೆ ಡನ್‌ಕ್ರಾಸ್ ಎಂಬ ಪುಟ್ಟ ಪಟ್ಟಣಕ್ಕೆ ಬಂದಳು. ಅಲ್ಲಿನ ವೃದ್ಧಾಶ್ರಮದ ಅಡುಗೆಮನೆಯಲ್ಲಿ ಅವಳಿಗೆ ಮೊದಲಿಂದಲೂ ಕೆಲಸವಿತ್ತು. ರೈಲು ಹಳಿಯ ಹತ್ತಿರದ ಮರದ ಮನೆಯೊಂದರ ಮಹಡಿಯಲ್ಲಿ ಎರಡು ಕೋಣೆ ಬಾಡಿಗೆಗೆ ಸಿಕ್ಕಿತು. ಕೆಳಗಿನ ಭಾಗದಲ್ಲಿ ಟಿಲ್ಲಿ ಫ್ರೀಸೆನ್ ಎಂಬ ವಿಧವೆ ಇದ್ದಳು. ಎಪ್ಪತ್ತೈದು ದಾಟಿದವಳು, ಸೊಂಟಕ್ಕೆ ಶಸ್ತ್ರಚಿಕಿತ್ಸೆಯಾಗಿ ಕೋಲೂರಿ ನಡೆಯುತ್ತಿದ್ದಳು. ಮೊದಲ ದಿನವೇ ಬಾಗಿಲಲ್ಲಿ ನಿಂತು, "ಮೆಟ್ಟಿಲ ಮೇಲೆ ಧಡಧಡ ಓಡಾಡಬೇಡ, ಮಗಾ. ನನ್ನ ನಿದ್ದೆ ಬಲು ತೆಳು," ಎಂದು ಕಟ್ಟಪ್ಪಣೆ ಮಾಡಿದ್ದಳು.

ಸಸ್ಕಾಚೆವಾನಿನಂಥ ಚಳಿನಾಡಿನಲ್ಲಿ ಹುಟ್ಟಿ ಬೆಳೆದ ಯಾರಿಗೂ ಹೇಳಿಕೊಡಬೇಕಾಗಿಲ್ಲದ ಕೆಲಸವೊಂದಿದೆ. ಚಳಿಗಾಲದ ಸಂಜೆ ಕಾರಿನ ಮೂತಿಯಿಂದ ಇಳಿಬಿದ್ದ ಪ್ಲಗ್ಗಿಗೆ ತಂತಿ ಸಿಕ್ಕಿಸಿ ಕರೆಂಟು ಕೊಡಬೇಕು. ಎಂಜಿನ್ನಿನ ಹೊಟ್ಟೆಯೊಳಗಿನ ಪುಟ್ಟ ಹೀಟರು ರಾತ್ರಿಯಿಡೀ ಅದನ್ನು ಬೆಚ್ಚಗಿಡುತ್ತದೆ. ಮರೆತರೆ ಎಣ್ಣೆ ಜೋನಿಬೆಲ್ಲದಂತೆ ಗಟ್ಟಿಯಾಗಿ, ಬೆಳಿಗ್ಗೆ ಕಾರು ನರಳುತ್ತದೆಯೇ ಹೊರತು ಏಳುವುದಿಲ್ಲ. ವೆರ್ನಾಗೆ ಇದು ಗೊತ್ತಿಲ್ಲವೆಂದಲ್ಲ. ಆದರೆ ಮದುವೆಯಾದಂದಿನಿಂದ ಆ ಕೆಲಸ ಅವಳ ಕೈಗೆ ಬಂದೇ ಇರಲಿಲ್ಲ. ರಾತ್ರಿ ಊಟವಾದ ಮೇಲೆ ಲಾರ್ನ್ ಏನೂ ಹೇಳದೆ ಹೊರಗೆ ಹೋಗಿ ಎಲ್ಲ ಗಾಡಿಗಳಿಗೂ ತಂತಿ ಸಿಕ್ಕಿಸಿ ಬರುತ್ತಿದ್ದ. ಬೆಳಿಗ್ಗೆ ಅವಳ ಕಾರು ಕೀಲಿ ತಿರುಗಿಸಿದ ಕೂಡಲೇ ಎದ್ದು ನಿಲ್ಲುತ್ತಿತ್ತು. ಕಾರಿನ ಸ್ವಭಾವವೇ ಹಾಗೆ ಎಂಬಂತೆ ಅವಳು ಅದರಲ್ಲಿ ಕೂತು ಹೋಗುತ್ತಿದ್ದಳು.

ಡಿಸೆಂಬರಿನಲ್ಲಿ ಮೊದಲ ದೊಡ್ಡ ಚಳಿ ಬಂದಾಗ ಕಾರು ಕೈಕೊಟ್ಟಿತು. ಅಂದು ಅವಳು ನಡೆದೇ ಕೆಲಸಕ್ಕೆ ಹೋದಳು. ಹುಬ್ಬಿನ ಮೇಲೆ ಬೆಳ್ಳಗೆ ಮಂಜು ಕಟ್ಟಿಕೊಂಡು ಒಳಗೆ ಬಂದವಳನ್ನು ನೋಡಿ, ಜೊತೆಯಲ್ಲಿ ಅಡುಗೆ ಮಾಡುವ ಬರ್ನಿಸ್ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಏನೇ ಇದು, ಫ್ಲೋರಿಡಾದಿಂದ ನೆಟ್ಟಗೆ ಬಂದಿಳಿದ ಹಾಗಿದೀಯ! ಪ್ಲಗ್ ಹಾಕೋದು ಮರೆತ್ಯಾ?"

"ಅವನು ಹಾಕ್ತಿದ್ದ ಕಣೇ. ನನಗೆ ನೆನಪೇ ಆಗಲ್ಲ."

"ಹಂಗಾದ್ರೆ ಗಂಡನ್ನ ಬಿಟ್ಟಾಗ ಅವನ ಕೈ ಒಂದನ್ನಾದ್ರೂ ಕಿತ್ಕೊಂಡು ಬರಬೇಕಿತ್ತು."

ಅಂದು ಸಂಜೆ ಅವಳು ಹೊಸ ತಂತಿ ತಂದು ಹಿತ್ತಿಲ ಕಂಬಕ್ಕೆ ನೇತುಹಾಕಿದಳು. ಎರಡು ದಿನ ನೆನಪಿನಿಂದ ಸಿಕ್ಕಿಸಿದಳು. ಮೂರನೆಯ ದಿನ ಕೆಲಸದಿಂದ ಬಂದವಳಿಗೆ ಮೈಕೈ ನೋವು. ಬ್ರೆಡ್ಡು ಚೀಸು ತಿಂದು ಎಂಟಕ್ಕೇ ಮಲಗಿಬಿಟ್ಟಳು. ಬೆಳಿಗ್ಗೆ ಕಣ್ಣು ಬಿಟ್ಟಾಗ ರೇಡಿಯೋದವನು ಸೊನ್ನೆಗಿಂತ ಮೂವತ್ತೆಂಟು ಡಿಗ್ರಿ ಕೆಳಗೆ ಅನ್ನುತ್ತಿದ್ದ. ತಂತಿ ಸಿಕ್ಕಿಸಿಲ್ಲವೆಂದು ಆಗ ನೆನಪಾಯಿತು. ಕೋಟು ಸಿಕ್ಕಿಸಿಕೊಂಡು ಕೆಳಗೋಡಿದಳು.

ಕಂಬದಿಂದ ಇಳಿದ ತಂತಿ ಕಾರಿನ ಮೂತಿಗೆ ಹೋಗಿ ಸೇರಿತ್ತು. ಮುಂಭಾಗಕ್ಕೆ ಹಳೆಯ ಕಂಬಳಿಯೊಂದನ್ನೂ ಹೊದಿಸಿದ್ದರು. ಕೀಲಿ ತಿರುಗಿಸಿದಳು, ಎಂಜಿನ್ನು ಒಂದೇ ಸಲಕ್ಕೆ ಗುರುಗುಟ್ಟಿತು. ಹಿಮದ ಮೇಲೆ ಗಂಡಸಿನ ದೊಡ್ಡ ಬೂಟಿನ ಗುರುತುಗಳಿದ್ದವು, ಅರ್ಧ ಗಾಳಿಗೆ ಮುಚ್ಚಿಹೋಗಿದ್ದವು.

ಆ ವಾರ ಇನ್ನೊಮ್ಮೆ ಮರೆತಳು. ಆಗಲೂ ಯಾರೋ ತಂತಿ ಸಿಕ್ಕಿಸಿದ್ದರು. ಬರ್ನಿಸ್‌ಗೆ ಹೇಳಿದಾಗ ಅವಳು ಆಲೂಗಡ್ಡೆ ಸುಲಿಯುವುದನ್ನು ನಿಲ್ಲಿಸಿದಳು.

"ಮೊನ್ನೆ ಸಂಜೆ ಲಾರ್ನ್‌ನ ಟ್ರಕ್ಕು ನಮ್ಮೂರ ಕರ್ಲಿಂಗ್ ಆಟದ ಮನೆ ಮುಂದೆ ನಿಂತಿತ್ತು ಕಣೇ. ಅವನೇ ಇರಬೇಕು."

"ಮೂವತ್ತು ಕಿಲೋಮೀಟರ್ ಬಂದು?"

"ಬಾಯಲ್ಲಿ ಹೇಳಕ್ಕಾಗದವರು ಹೀಗೇ ಏನಾದ್ರೂ ಮಾಡ್ತಾರೆ."

ಆ ಮಾತು ವೆರ್ನಾಳ ಮನಸ್ಸಿನೊಳಗೆ ಇಳಿದು ಅಲ್ಲೇ ಕೂತಿತು. ಅಷ್ಟು ವರ್ಷ ಅವನು ಪ್ರತಿ ಸಂಜೆ ಹೊರಗೆ ಹೋಗಿ ಬಂದದ್ದೆಲ್ಲ ಈಗ ಬೇರೆಯೇ ಅರ್ಥ ಪಡೆಯಿತು. ಮಾತಿನಲ್ಲಿ ಸಿಗದೇ ಇದ್ದದ್ದು ತಂತಿಯಲ್ಲಿ ಬರುತ್ತಿತ್ತೇನೋ, ತಾನು ಕುರುಡಿಯಂತೆ ಅದರ ಮೇಲೇ ಕೂತು ಕೆಲಸಕ್ಕೆ ಹೋಗುತ್ತಿದ್ದೆನೇನೋ ಅನ್ನಿಸಿತು. ಆಮೇಲೆ ಅವಳು ಮರೆಯಲಿಲ್ಲ. ಬೇಕೆಂದೇ ತಂತಿಯನ್ನು ಕಂಬದಲ್ಲಿ ಬಿಟ್ಟಳು. ಹಾಗೆ ಬಿಟ್ಟ ಮರುದಿನ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಎದೆ ಹದಿನಾರರ ಹುಡುಗಿಯಂತೆ ಹೊಡೆದುಕೊಳ್ಳುತ್ತಿತ್ತು. ಪ್ರತಿ ಸಲವೂ ಕಾರು ಬೆಚ್ಚಗಿತ್ತು.

ವೆರ್ನಾ, ಲಾರ್ನ್ ಇಬ್ಬರದೂ ಉಕ್ರೇನಿನಿಂದ ಬಂದ ಅಜ್ಜಂದಿರ ವಂಶ. ಹಳೆಯ ಪಂಚಾಂಗದಂತೆ ಕ್ರಿಸ್‌ಮಸ್ ಇಂದಿಗೂ ಜನವರಿಯಲ್ಲೇ. ಪೂಜೆ ಮುಗಿದು ಎಲ್ಲರೂ ಚರ್ಚಿನ ನೆಲಮಾಳಿಗೆಯಲ್ಲಿ ಊಟಕ್ಕೆ ಕೂತಾಗ, ಗೋಧಿ ಜೇನಿನ ಪಾಯಸದ ಬಟ್ಟಲು ಹಿಡಿದು ಲಾರ್ನ್ ಒಬ್ಬನೇ ಗೋಡೆಗೊರಗಿ ನಿಂತಿದ್ದ. ಅಂಗಿಯ ಕಾಲರು ಇಸ್ತ್ರಿ ಕಂಡಿರಲಿಲ್ಲ. ವೆರ್ನಾ ತಾನಾಗಿಯೇ ಹತ್ತಿರ ಹೋದಳು.

"ಕಾರಿನ ವಿಷಯಕ್ಕೆ ಥ್ಯಾಂಕ್ಸ್," ಅಂದಳು. "ನನಗೆ ಗೊತ್ತಾಗಿದೆ."

ಅವನು ಅವಳ ಮುಖ ನೋಡಿದ. ಬಟ್ಟಲು ನೋಡಿದ. ಚಮಚೆಯಿಂದ ಗೋಧಿ ಕಾಳುಗಳನ್ನು ಒಂದು ಬದಿಗೆ ಸರಿಸಿದ.

"ಚಳಿ ಜಾಸ್ತಿ ಈ ವರ್ಷ," ಅಂದ.

"ಹೌದು."

"ಹುಷಾರಾಗಿರು."

ಅವನ ಮಟ್ಟಿಗೆ ಅದು ಭಾಷಣವೇ. ವೆರ್ನಾಳ ಕಣ್ಣು ತೇವವಾಯಿತು. ಮುಂದಿನ ಭಾನುವಾರ ಅವನು ಅವಳ ಕೋಣೆಗೆ ಕಾಫಿಗೆ ಬಂದ. ಅದರ ಮುಂದಿನ ಭಾನುವಾರ ಊಟಕ್ಕೇ ನಿಂತ. ಅವಳು ಆಲೂಗಡ್ಡೆಯ ಹೂರಣ ತುಂಬಿದ ಪಿರೋಹಿ ಕಡುಬು ಬೇಯಿಸಿದಳು, ಅವನು ಎರಡು ಸಲ ಹಾಕಿಸಿಕೊಂಡ. ಹೊರಡುವಾಗ ಬಾಗಿಲ ಹಿಡಿ ಹಿಡಿದುಕೊಂಡು, "ಮನೆ ಖಾಲಿ ಖಾಲಿ ಅನ್ಸುತ್ತೆ," ಅಂದ. ತಿಂಗಳ ಕೊನೆಗೆ ಯೋಚಿಸೋಣ ಎಂದಳು ಅವಳು. ಆದರೆ ಅಷ್ಟರಲ್ಲಾಗಲೇ ಹೊಲಿಗೆ ಯಂತ್ರವನ್ನು ಮನಸ್ಸಿನಲ್ಲೇ ಗಂಡನ ಮನೆಯ ಹಳೆಯ ಕಿಟಕಿಯ ಬಳಿ ಇಟ್ಟುಬಿಟ್ಟಿದ್ದಳು.

ಆ ವಾರದ ನಡುವೆ ಚಳಿ ಸೊನ್ನೆಗಿಂತ ನಲವತ್ತಮೂರು ಡಿಗ್ರಿ ಕೆಳಕ್ಕೆ ಇಳಿಯಿತು. ಬೆಳಿಗ್ಗೆ ಹಿತ್ತಿಲಿಗೆ ಬಂದರೆ ತಂತಿ ಕಂಬದಲ್ಲೇ ನೇತಾಡುತ್ತಿತ್ತು. ಕೀಲಿ ತಿರುಗಿಸಿದಾಗ ಕಾರು ಒಮ್ಮೆ ಊಳಿಟ್ಟು ಸುಮ್ಮನಾಯಿತು. ಅಂದೂ ನಡೆದೇ ಹೋದಳು. ಅಂದು ಸಂಜೆಯೂ ತಂತಿ ಸಿಕ್ಕಿಸದೆ ಬಿಟ್ಟು ನೋಡಿದಳು. ಮರುದಿನವೂ ಅದೇ ಕಥೆ. ಮಧ್ಯಾಹ್ನ ಕೆಲಸದ ಜಾಗದಿಂದಲೇ ಲಾರ್ನ್‌ಗೆ ಫೋನ್ ಮಾಡಿದಳು.

"ಹುಷಾರಾಗಿದೀಯ ತಾನೆ? ಎರಡು ದಿನದಿಂದ ಕಾರಿಗೆ ಪ್ಲಗ್ ಹಾಕಿಲ್ಲ, ಅದಕ್ಕೇ ಕೇಳ್ದೆ."

ಆ ಕಡೆ ರೇಡಿಯೋದ ಸದ್ದು ತಗ್ಗಿತು.

"ಮರೆತೆ," ಅಂದ ಲಾರ್ನ್. "ಕೆಲಸ ಇತ್ತು."

ಸಂಜೆ ಮನೆಗೆ ಬಂದಾಗ ಕೆಳಮನೆಯಿಂದ ಕೆಮ್ಮು ಕೇಳಿಸಿತು. ಟಿಲ್ಲಿ ಎರಡು ದಿನದಿಂದ ಕಣ್ಣಿಗೆ ಬಿದ್ದಿರಲಿಲ್ಲವೆಂಬುದು ಆಗ ಹೊಳೆಯಿತು. ವೆರ್ನಾ ಬೀಟ್‌ರೂಟಿನ ಸೂಪು ಬಿಸಿ ಮಾಡಿಕೊಂಡು ಹೋಗಿ ಬಾಗಿಲು ತಟ್ಟಿದಳು. ಮುದುಕಿ ಕುತ್ತಿಗೆಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡು ಬಾಗಿಲು ತೆರೆದಳು.

"ಬಾ. ನಾನು ಎರಡು ದಿನ ಮಲಗಿದ್ದಕ್ಕೆ ನಿನ್ನ ಕಾರೂ ಮಲಗಿಬಿಡ್ತಾ?"

ವೆರ್ನಾಗೆ ಮಾತು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅಷ್ಟರಲ್ಲಿ ಬಾಗಿಲ ಹಿಂದೆ ನಿಲ್ಲಿಸಿದ್ದ ಬೂಟುಗಳು ಕಣ್ಣಿಗೆ ಬಿದ್ದವು. ಗಂಡಸಿನ ದೊಡ್ಡ ಬೂಟುಗಳು.

"ಅದು ನನ್ನ ಯಜಮಾನರದು. ಅವರು ಹೋದ್ರೂ ಬೂಟು ಹೋಗ್ಲಿಲ್ಲ. ಎರಡು ಜೊತೆ ಕಾಲುಚೀಲ ಹಾಕಿದ್ರೆ ನನಗೆ ಸರಿಯಾಗುತ್ತೆ."

"ನೀವಾ? ನೀವು ಹಾಕ್ತಿದ್ರಾ?"

"ಇನ್ಯಾರು ಹಾಕ್ಬೇಕು? ನಿನ್ನ ಕಾರು ನಿಲ್ಲೋದು ನನ್ನ ಮಂಚದ ಕಿಟಕಿ ಕೆಳಗೆ. ಬೆಳಗಿನ ಜಾವ ಅದು ಊಳಿಡೋಕೆ ಶುರು ಮಾಡಿದ್ರೆ ನನ್ನ ನಿದ್ದೆ ಅಲ್ಲಿಗೆ ಮುಗೀತು. ಟಿ.ವಿ. ನ್ಯೂಸ್ ಆದ್ಮೇಲೆ ಒಂದು ಸಲ ಇಣುಕಿ ನೋಡ್ತಿದ್ದೆ. ಹಾಕಿರ್ತಿರ್ಲಿಲ್ಲ ನೀನು. ಈ ಹುಡುಗಿ ತಲೇಲಿ ಏನಿದೆ ಅಂತ ಬೈಕೊಂಡು ಹೋಗಿ ಹಾಕ್ತಿದ್ದೆ."

"ಈ ಸೊಂಟ ಇಟ್ಕೊಂಡು? ಆ ಮಂಜುಗಡ್ಡೆ ಮೇಲೆ?"

"ಕಾರನ್ನೇ ಹಿಡ್ಕೊಂಡು ಹೋಗ್ತಿದ್ದೆ. ಒಂದು ಸಲ ಬಿದ್ದೆ ಅನ್ನು. ಕಂಬಳಿ ಮೇಲೇ ಬಿದ್ದೆ. ಸೂಪಿಗೆ ಉಪ್ಪು ಹಾಕಿದೀಯ ತಾನೆ?"

ವೆರ್ನಾ ಮಂಚದ ಅಂಚಿನಲ್ಲಿ ಕೂತುಬಿಟ್ಟಳು. ಮೊದಲು ಮನಸ್ಸಿಗೆ ಬಂದದ್ದು ಲಾರ್ನ್ ಅಲ್ಲ. ತಾನು ಬೇಕೆಂದೇ ತಂತಿ ಬಿಟ್ಟ ಸಂಜೆಗಳು. ಗಂಡನ ಪ್ರೀತಿಯನ್ನು ಅಳೆದು ನೋಡಲು ಹೋಗಿ ಈ ಮುದುಕಿಯನ್ನು ಆ ಚಳಿಗೆ, ಆ ಕತ್ತಲೆಗೆ ಎಬ್ಬಿಸಿ ಕಳಿಸಿದ್ದಳು. ಅವಳಿಗೆ ಅದನ್ನು ಹೇಳಲು ನಾಚಿಕೆಯಾಯಿತು. ಆದರೂ ಹೇಳಿದಳು, ಸೂಪು ತಣ್ಣಗಾಗುವವರೆಗೂ.

ಟಿಲ್ಲಿ ಎಲ್ಲವನ್ನೂ ಕೇಳಿ, ಬಟ್ಟಲು ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದಳು. ಕೆಮ್ಮೋ ನಗುವೋ ತಿಳಿಯಲಿಲ್ಲ.

"ನನ್ನನ್ನ ಲಾರ್ನ್ ಮಾಡಿಬಿಟ್ಯಲ್ಲೇ," ಅಂದಳು. ಆಮೇಲೆ ಗಂಭೀರಳಾಗಿ, "ಅವನಾದ್ರೂ ಅಲ್ಲ ಅನ್ನಬಹುದಿತ್ತು," ಅಂದಳು.

ಶನಿವಾರ ವೆರ್ನಾ ಲಾರ್ನ್‌ನ ತೋಟದ ಮನೆಗೆ ಹೋದಳು. ಬಿಳಿ ಬಯಲಿನ ಮೇಲೆ, ಗಾಳಿಯಲ್ಲಿ ತೇಲುವ ಹಿಮದ ಹರಳುಗಳಿಂದಾಗಿ, ಸೂರ್ಯನ ಎರಡೂ ಪಕ್ಕ ಇನ್ನೆರಡು ಮಸುಕು ಸೂರ್ಯರು ನಿಂತಿದ್ದರು, ಅಂಥ ಚಳಿ. ಲಾರ್ನ್ ಬಾಗಿಲಿಗೆ ಬಂದು ಅವಳನ್ನು ಒಳಗೆ ಬಿಟ್ಟು, ಕಾಫಿಗೆ ನೀರಿಡು ಎಂದು ಹೊರಗೆ ಹೋಗಿ ಸ್ವಲ್ಪ ಹೊತ್ತಿನಲ್ಲೇ ಬಂದ. ಅಡುಗೆಮನೆ ಚೊಕ್ಕಟವಾಗಿತ್ತು. ಅವಳಿಗಾಗಿಯೇ ಗುಡಿಸಿ ಒರೆಸಿದ್ದಾನೆಂದು ಗೊತ್ತಾಗುತ್ತಿತ್ತು. ಅದು ಅವಳ ಕೆಲಸವನ್ನು ಇನ್ನಷ್ಟು ಕಷ್ಟ ಮಾಡಿತು.

"ಕಾರಿಗೆ ಪ್ಲಗ್ ಹಾಕ್ತಿದ್ದದ್ದು ಕೆಳಮನೆ ಟಿಲ್ಲಿ," ಅಂದಳು.

ಅವನು ಕುರ್ಚಿ ಎಳೆದು ಕೂತ. ಸುಳ್ಳು ಹೇಳುವ ಪ್ರಯತ್ನವನ್ನೇ ಮಾಡಲಿಲ್ಲ.

"ಚರ್ಚಿನಲ್ಲಿ ನೀನು ಹಾಗೆ ನೋಡ್ದೆ," ಅಂದ ಕೊನೆಗೆ. "ನೀನು ನನ್ನನ್ನ ಹಾಗೆ ನೋಡಿ ಎಷ್ಟು ವರ್ಷ ಆಗಿತ್ತೋ. ನಾನಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ, ವೆರ್ನಾ."

ಅದು ನಿಜವೆಂದು ಅವಳಿಗೆ ಗೊತ್ತಾಯಿತು. ಅವನ ಬಾಯಿಂದ ಇಷ್ಟು ನಿಜವಾದ ಮಾತನ್ನು ಅವಳು ಎಂದೂ ಕೇಳಿರಲಿಲ್ಲ. ಅವನ ಕೈ ಮೇಲೆ ಕೈ ಇಡಬೇಕು ಅನ್ನಿಸಿತು. ಇಡುವ ಮೊದಲು ಒಂದು ಮಾತು ಕೇಳಿದಳು.

"ಆವತ್ತು ಬಾಯಿ ಬರ್ಲಿಲ್ಲ, ಸರಿ. ಆಮೇಲೆ? ಆಮೇಲೆ ಒಂದು ದಿನನಾದ್ರೂ ಬಂದು ಹಾಕಬಹುದಿತ್ತಲ್ಲ. ಒಂದೇ ಒಂದು ದಿನ ಹಾಕಿದ್ರೂ ನಾನು ನಂಬಿದ್ದು ನಿಜ ಆಗಿಬಿಡ್ತಿತ್ತು."

ಲಾರ್ನ್ ಮೇಜಿನ ಮೇಲಿನ ಗೆರೆಯೊಂದನ್ನು ಉಗುರಿನಿಂದ ಕೆರೆದ.

"ಹೇಗೂ ಯಾರೋ ಹಾಕ್ತಿದಾರಲ್ಲ ಅಂದ್ಕೊಂಡೆ."

ಕಾಫಿ ಕುದಿದು ಒಲೆಯ ಮೇಲೆ ಉಕ್ಕಿತು. ವೆರ್ನಾ ಎದ್ದು ಒಲೆ ಆರಿಸಿದಳು, ಚೆಲ್ಲಿದ್ದನ್ನು ಒರೆಸಿದಳು, ಎರಡು ಲೋಟಕ್ಕೂ ಬಗ್ಗಿಸಿದಳು. ಅವಳಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಸುಲಭವಾಗುತ್ತಿತ್ತು. ಅವನು ಕೆಟ್ಟವನಲ್ಲ. ತನ್ನ ಪಾಲಿನದನ್ನು ಬೇರೆ ಯಾರಾದರೂ ಮಾಡುತ್ತಿದ್ದರೆ ನೆಮ್ಮದಿಯಿಂದ ಕೂರಬಲ್ಲವನು, ಅಷ್ಟೇ. ಅಷ್ಟು ವರ್ಷ ಈ ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಅವಳೊಬ್ಬಳೇ ಆಡಿದ್ದಳು.

"ನಾನು ವಾಪಸ್ ಬರಲ್ಲ, ಲಾರ್ನ್," ಅಂದಳು. "ಕಾಫಿ ಕುಡಿ, ಆರುತ್ತೆ."

"ಪ್ಲಗ್ ಹಾಕಿಲ್ಲ ಅಂತಾನಾ?" ಅವನ ದನಿಯಲ್ಲಿ ಅಚ್ಚರಿಯಿತ್ತು, ನೋವೂ ಇತ್ತು.

"ಅದಕ್ಕಲ್ಲ. ಆದ್ರೆ ಅದೂ ಇದೆ."

ಹೊರಗೆ ಬಂದಾಗ ಅವಳ ಕಾರಿಗೆ ಕೊಟ್ಟಿಗೆಯ ಗೋಡೆಯಿಂದ ತಂತಿ ಎಳೆದು ಸಿಕ್ಕಿಸಿಯಾಗಿತ್ತು. ಕಾಫಿಗೆ ನೀರಿಡು ಎಂದು ಲಾರ್ನ್ ಹೊರಗೆ ಹೋದದ್ದು ಇದಕ್ಕೇ. ವೆರ್ನಾ ಅದನ್ನು ನೋಡುತ್ತ ನಿಂತಳು. ತನ್ನ ಅಂಗಳಕ್ಕೆ ಬಂದ ಯಾರ ಗಾಡಿಗಾದರೂ ಅವನು ಹೀಗೇ ಮಾಡುತ್ತಿದ್ದ. ಬೀಜದ ವ್ಯಾಪಾರಿಗೂ, ಪಾದ್ರಿಗೂ, ದಾರಿ ತಪ್ಪಿ ಬಂದವರಿಗೂ. ಕಣ್ಣೆದುರು ನಿಂತ ಎಂಜಿನ್ನು ತಣ್ಣಗಾಗುವುದನ್ನು ಅವನು ಸಹಿಸುತ್ತಿರಲಿಲ್ಲ. ಅದು ಪ್ರೀತಿಯೋ ಅಭ್ಯಾಸವೋ ಎಂದು ಅವಳು ಬಿಡಿಸಿ ನೋಡಲು ಹೋಗಲಿಲ್ಲ. ಎರಡೂ ಇರಬಹುದು. ತಂತಿ ಬಿಡಿಸಿ, ಮಡಚಿ, ಗೋಡೆಯ ಮೊಳೆಗೆ ತೂಗುಹಾಕಿ ಹೊರಟಳು.

ಆ ಚಳಿಗಾಲ ಮಾರ್ಚಿನ ನಡುವಿನವರೆಗೂ ಜಗ್ಗಲಿಲ್ಲ. ವೆರ್ನಾ ಸಂಜೆ ಮೇಲೆ ಹತ್ತುವ ಮೊದಲೇ ಕಾರಿಗೆ ತಂತಿ ಸಿಕ್ಕಿಸುವುದನ್ನು ರೂಢಿ ಮಾಡಿಕೊಂಡಳು. ಟಿಲ್ಲಿ ಕಿಟಕಿಯಿಂದ ಇಣುಕಿ ಖಾತ್ರಿ ಮಾಡಿಕೊಂಡು ಪರದೆ ಎಳೆಯುತ್ತಿದ್ದಳು. ಗುರುವಾರಗಳಲ್ಲಿ ಇಬ್ಬರೂ ಸೊಂಟದ ವೈದ್ಯರಲ್ಲಿಗೆ ಪಕ್ಕದ ಊರಿಗೆ ಹೋಗುತ್ತಿದ್ದರು. ಟಿಲ್ಲಿ ಮುಂದಿನ ಸೀಟಿನಲ್ಲಿ ಕೂತು ದಾರಿಯುದ್ದಕ್ಕೂ ವೇಗ ಜಾಸ್ತಿಯಾಯಿತು, ಈಗ ಕಡಿಮೆಯಾಯಿತು ಎಂದು ಗೊಣಗುತ್ತಿದ್ದಳು. ವೆರ್ನಾ ಎದುರುತ್ತರ ಕೊಡುತ್ತಿದ್ದಳು. ಹೋಗಿ ಬರುವಷ್ಟು ಹೊತ್ತೂ ಆ ಕಾರಿನಲ್ಲಿ ಮಾತು ನಿಲ್ಲುತ್ತಿರಲಿಲ್ಲ.