ಭಟ್ಟರ ಕಾರಿನ ಟಾಪು

ಹಲಸಿನ ಹಣ್ಣು ಬಿದ್ದದ್ದು ಹಾಡಹಗಲಲ್ಲಿ, ಮನೆಮಂದಿಯೆಲ್ಲ ನೋಡುತ್ತಿದ್ದಾಗ. ನಾರ್ವೆಯ ವಿದ್ಯಾಶಂಕರ ಭಟ್ಟರು ಶೃಂಗೇರಿಗೆ ಹೊರಡಲೆಂದು ಕಾರನ್ನು ಷೆಡ್ಡಿನಿಂದ ತೆಗೆದು, ನೆರಳಿದೆ ಎಂದು ಹಲಸಿನ ಮರದ ಕೆಳಗೆ ನಿಲ್ಲಿಸಿದ್ದರು.

"ಅಲ್ಲಿ ಬೇಡ ಅಯ್ಯಾ, ಹಣ್ಣು ಬಲಿತಿದೆ" ಎಂದು ತೋಟದ ಆಳು ಐತ ಹೇಳಿದ.

"ಎರಡು ನಿಮಿಷದಲ್ಲಿ ಎಂತ ಆಗ್ತದಾ?" ಎಂದು ಭಟ್ಟರು ಶಾಲು ತರಲು ಒಳಗೆ ಹೋದರು.

ಎರಡು ನಿಮಿಷ ಸಾಕಾಯಿತು. ಹಿಂದಿನ ವರ್ಷವಷ್ಟೇ ಕೊಂಡಿದ್ದ ಬಿಳಿ ಎಸ್ಟೀಮ್ ಕಾರಿನ ಟಾಪು ಮಧ್ಯದಲ್ಲಿ ಹರಿವಾಣದಂತೆ ತಗ್ಗಾಯಿತು. ಬಾಗಿಲ ಮೇಲಿನ ನೀರು ಹರಿಯುವ ಪಟ್ಟಿಯ ಬೆಸುಗೆ ಗೇಣುದ್ದ ಬಿಟ್ಟುಕೊಂಡಿತು. ಹಣ್ಣಿಗೆ ಮಾತ್ರ ಹೆಚ್ಚು ಪೆಟ್ಟಾಗಲಿಲ್ಲ. ಮಧ್ಯಾಹ್ನ ಅದನ್ನು ಹೆಚ್ಚಿದರು.

ಇದು ೨೦೦೫ರ ಮೇ ತಿಂಗಳ ಮಾತು. ಐತನ ಮಗ ಯೋಗೇಶ ಕೊಪ್ಪದ ಪಕ್ಕದ ಬಾಳಗಡಿಯಲ್ಲಿ ಟಿಂಕರಿಂಗ್ ಅಂಗಡಿಯ ಬೋರ್ಡು ಹಾಕಿ ಆಗಿನ್ನೂ ಮೂರು ತಿಂಗಳಾಗಿತ್ತು. ಅದಕ್ಕೆ ಮೊದಲು ಅವನು ನರಸಿಂಹರಾಜಪುರದ ಕರಿಬಸವಯ್ಯನ ಷೆಡ್ಡಿನಲ್ಲಿ ಏಳು ವರ್ಷ ಕೆಲಸ ಮಾಡಿದ್ದ. ಜಜ್ಜಿಹೋದ ಬಾಗಿಲು, ಮಡ್‌ಗಾರ್ಡ್, ಡಿಕ್ಕಿ ಎಲ್ಲವನ್ನೂ ಬಡಿದು ಸರಿಮಾಡುವುದು ಅವನಿಗೆ ಬರುತ್ತಿತ್ತು. ಆದರೆ ಹೊರಮೈಯ ತಗಡಿಗೆ ಗ್ಯಾಸಿನ ಬೆಂಕಿ ಹಿಡಿಯಲು ಮೇಸ್ತ್ರಿ ಒಂದು ದಿನವೂ ಬಿಡಲಿಲ್ಲ. ಕೇಳಿದಾಗೆಲ್ಲ, "ನಿಂಗೆ ಇನ್ನೂ ಕೈ ಕೂತಿಲ್ಲ" ಎಂಬ ಒಂದೇ ಉತ್ತರ. ಕೊನೆಗೊಂದು ದಿನ ಯೋಗೇಶ ಎಲ್ಲರೆದುರು ಸುತ್ತಿಗೆಯನ್ನು ಬೆಂಚಿನ ಮೇಲಿಟ್ಟು, "ನಿಮ್ಮ ಹತ್ರ ಕಲಿಯೋದು ಇನ್ನೆಂತದೂ ಉಳಿದಿಲ್ಲ ಮೇಸ್ತ್ರಿ" ಎಂದು ಹೊರಟುಬಂದಿದ್ದ. ಆ ಮಾತು ಕೊಪ್ಪದಲ್ಲೆಲ್ಲ ಹರಡಿತು. ಹರಡಿದವನು ಬಹುಮಟ್ಟಿಗೆ ಅವನೇ. ಹೊಸ ಅಂಗಡಿಗೆ ಅದಕ್ಕಿಂತ ಒಳ್ಳೆಯ ಜಾಹೀರಾತು ಇರಲಿಲ್ಲ.

ಭಟ್ಟರು ಕಾರನ್ನು ಬಾಳಗಡಿಗೆ ತಂದದ್ದು ಐತನ ಮುಖ ನೋಡಿ.

"ನಿನ್ನ ಕೈಲಿ ಆಗ್ತದನಾ? ಆಗೋದಿಲ್ಲಾಂದ್ರೆ ಈಗಲೇ ಹೇಳು, ಎನ್.ಆರ್. ಪುರಕ್ಕೆ ಬಿಡ್ತೇನೆ."

"ಅಲ್ಲಿಯೂ ನಾನೇ ಮಾಡ್ತಿದ್ದದ್ದು ಭಟ್ರೇ" ಎಂದ ಯೋಗೇಶ.

ಅವನು ಸೀಟು ಬಿಚ್ಚಿದ, ಟಾಪಿನ ಒಳಗಿನ ಬಟ್ಟೆ ಇಳಿಸಿದ. ಗಾಜುಗಳ ಮೇಲೆ ಒದ್ದೆ ಗೋಣಿ ಹೊದಿಸಿ, ಬಿಟ್ಟುಕೊಂಡ ಪಟ್ಟಿಗೆ ಬೆಸುಗೆ ಹಾಕಿದ. ಕಾರಿನೊಳಗೆ ಜಾಕಿ ನಿಲ್ಲಿಸಿ, ಅದರ ಮೇಲೊಂದು ಹಲಗೆಯಿಟ್ಟು, ತಗ್ಗನ್ನು ಮೇಲಕ್ಕೆತ್ತಿದ. ಮುಕ್ಕಾಲು ಪಾಲು ಸಲೀಸಾಗಿ ಬಂತು. ಉಳಿದದ್ದು ಅಲೆಯಂಥ ಸಣ್ಣ ಏರಿಳಿತ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆ ಇರುತ್ತಿರಲಿಲ್ಲ. ಅವನು ಕೆಳಗಿನಿಂದ ಡಾಲಿ ಎಂಬ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿದು, ಮೇಲಿನಿಂದ ಸುತ್ತಿಗೆಯಲ್ಲಿ ಬಡಿದ.

ಸುತ್ತಿಗೆಗೂ ಡಾಲಿಗೂ ನಡುವೆ ಸಿಕ್ಕಿದ ತಗಡು ತಟ್ಟಿದ ರೊಟ್ಟಿಯಂತೆ ತೆಳ್ಳಗಾಗಿ ಅಗಲವಾಗುತ್ತದೆ. ಬಾಗಿಲು, ಮಡ್‌ಗಾರ್ಡುಗಳಲ್ಲಿ ಬಾಗು, ಮಡಿಕೆಗಳಿರುವುದರಿಂದ ಅದು ಗೊತ್ತಾಗುವುದಿಲ್ಲ. ಟಾಪು ಹಾಗಲ್ಲ. ಚಪ್ಪಟೆಯಾದ ದೊಡ್ಡ ಹಾಳೆ, ನಾಲ್ಕೂ ಕಡೆ ಬಿಗಿದದ್ದು. ಬೆಳೆದ ತಗಡಿಗೆ ಹೋಗಲು ಜಾಗವಿಲ್ಲದೆ ಅದು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಉಬ್ಬುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಡಬಕ್ ಎಂದು ಒಳಗೆ ಹೋಯಿತು, ಬಿಟ್ಟರೆ ಡಬಕ್ ಎಂದು ಹೊರಗೆ ಬಂತು. ಅದನ್ನು ಸರಿಮಾಡಲು ಯೋಗೇಶ ಇನ್ನಷ್ಟು ಬಡಿದ. ತಗಡು ಇನ್ನಷ್ಟು ಬೆಳೆಯಿತು. ಕೊನೆಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು ಕೊಟ್ಟುಬಿಟ್ಟ. ನೋಡಲು ಚೆನ್ನಾಗಿಯೇ ಇತ್ತು.

ಭಟ್ಟರು ಆ ವಾರವೇ ವಾಪಸು ಬಂದರು.

"ನಿನ್ನ ಟಾಪು ಮಾತಾಡ್ತದೆ ಮಾರಾಯ."

"ಎಂತ ಭಟ್ರೇ?"

"ಹೊಂಡಕ್ಕೆ ಇಳಿದ್ರೆ ಒಂದು ಸಲ ಡಬಕ್ ಅಂತದೆ, ಹತ್ತಿದ್ರೆ ಇನ್ನೊಂದು ಸಲ. ಹಿಂದೆ ಕೂತಿದ್ದ ನಮ್ಮ ಅಕ್ಕ ಶೃಂಗೇರಿ ಮುಟ್ಟೋವರೆಗೂ ತಲೆ ಮೇಲಿಂದ ಕೈ ತೆಗೀಲಿಲ್ಲ, ಮತ್ತೆ ಹಲಸಿನ ಹಣ್ಣು ಬಿತ್ತು ಅಂತ. ಮಠದ ಎದುರು ಬಿಸಿಲಲ್ಲಿ ನಿಲ್ಲಿಸಿದ್ರೆ ಖಾಲಿ ಕಾರು ತನ್ನಷ್ಟಕ್ಕೆ ಮಾತಾಡ್ತದೆ. ಯಾತ್ರೆಗೆ ಬಂದವರು ತಿರುಗಿ ನೋಡ್ತಾರೆ."

ಪುಟ್ಟಿಯೂ ಬಿರುಕು ಬಿಟ್ಟಿತ್ತು. ಭಟ್ಟರು ಕೀಲಿಕೈಯನ್ನು ಅವನ ಕೈಗೆ ಹಾಕಿದರು.

"ಶುಕ್ರವಾರದೊಳಗೆ ಇದು ಸುಮ್ಮನಾಗ್ಬೇಕು. ಇಲ್ಲಾಂದ್ರೆ ಕರಿಬಸವಯ್ಯನ ಷೆಡ್ಡಿಗೆ ನಾನೇ ಬಿಡೋದು. ಐತನ ಮಗ ಅಂತ ಎಷ್ಟು ಸಲ ನೋಡ್ಲಿ?"

ಅದರ ಅರ್ಥ ಯೋಗೇಶನಿಗೆ ಗೊತ್ತಿತ್ತು. ಅವನು ಕೆಡಿಸಿದ ಕಾರು ಹಳೆಯ ಮೇಸ್ತ್ರಿಯ ಷೆಡ್ಡಿನಲ್ಲಿ ನಿಂತರೆ, ಕೊಪ್ಪದಲ್ಲಿ ಅವನ ಅಂಗಡಿಗೆ ಇನ್ನೊಂದು ಗಾಡಿ ಬರುವುದಿಲ್ಲ.

ಬೆಳೆದ ತಗಡನ್ನು ಕುಗ್ಗಿಸುವ ಉಪಾಯ ಇದೆ ಎಂಬುದು ಅವನಿಗೆ ತಿಳಿದಿತ್ತು. ನಾಣ್ಯದಷ್ಟು ಜಾಗವನ್ನು ಕೆಂಪಗೆ ಕಾಯಿಸಿ, ಸುತ್ತ ಮೆಲ್ಲಗೆ ತಟ್ಟಿ, ಒದ್ದೆ ಗೋಣಿ ಒತ್ತಬೇಕು. ಆದರೆ ಎಲ್ಲಿಂದ ಶುರುಮಾಡಬೇಕು, ಎಷ್ಟು ಕಾಯಿಸಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಅವನು ಏಳು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಕರಿಬಸವಯ್ಯ ಆ ಕೆಲಸಕ್ಕೆ ಬೆಂಕಿ ಹಚ್ಚುವ ಮೊದಲು ಆಳುಗಳನ್ನೆಲ್ಲ ಹೊರಗೆ ಕಳಿಸುತ್ತಿದ್ದ. ಒಬ್ಬನನ್ನು ಟೀ ತರಲು, ಒಬ್ಬನನ್ನು ಬೋಲ್ಟಿಗೆ, ಇನ್ನೊಬ್ಬನನ್ನು ಸುಮ್ಮನೆ. ಅವರು ಬರುವಷ್ಟರಲ್ಲಿ ತಗಡಿನ ಮೇಲೆ ನೀಲಿ ಉಂಗುರಗಳಿರುತ್ತಿದ್ದವು, ಮೇಸ್ತ್ರಿ ಕೈ ಒರೆಸಿಕೊಳ್ಳುತ್ತಿರುತ್ತಿದ್ದ.

ಗುಜರಿಯಿಂದ ಹಳೆಯ ಬಾನೆಟ್ಟೊಂದನ್ನು ತಂದು ಯೋಗೇಶ ಕಾಯಿಸಿ ನೋಡಿದ. ಅದು ಕರಿದ ಹಪ್ಪಳದಂತೆ ಸೊಟ್ಟಗಾಯಿತು. ಅವನ ಹೆಂಡತಿ ಮಲ್ಲಿಕಾ ಊಟ ತಂದವಳು ಅದನ್ನು ನೋಡಿದಳು.

"ಅವರನ್ನೇ ಹೋಗಿ ಕೇಳಿ."

"ಎಂತ ಮುಖ ಇಟ್ಕೊಂಡು ಹೋಗ್ಲಿ?"

"ಇರೋದೊಂದೇ ಅಲ್ವಾ? ಅದನ್ನೇ ಇಟ್ಕೊಂಡು ಹೋಗಿ" ಎಂದಳು ಮಲ್ಲಿಕಾ.

ಗುರುವಾರ ಬೆಳಿಗ್ಗೆ ಅವನು ಎಸ್ಟೀಮನ್ನು ನರಸಿಂಹರಾಜಪುರಕ್ಕೆ ಓಡಿಸಿದ. ದಾರಿಯುದ್ದಕ್ಕೂ ಟಾಪು ತನ್ನ ಮಾತನ್ನು ಆಡುತ್ತಲೇ ಇತ್ತು.

ಕರಿಬಸವಯ್ಯ ಕಾರಿನ ಸುತ್ತ ಒಂದು ಸುತ್ತು ಬಂದ. ಟಾಪಿನ ನಡುವೆ ಹೆಬ್ಬೆರಳು ಒತ್ತಿದ. ಡಬಕ್.

"ಟಿಂಕರಿಂಗ್ ಮಾಡಿದ್ಯನಾ, ರೊಟ್ಟಿ ತಟ್ಟಿದ್ಯನಾ?"

ಆಳುಗಳು ನಕ್ಕರು. ಯೋಗೇಶನೂ ನಗಬೇಕೋ ಬೇಡವೋ ತಿಳಿಯದೆ ನಿಂತ.

"ಕಲಿಯೋದು ಎಂತದೂ ಉಳಿದಿಲ್ಲ ಅಂದಿದ್ಯಲ್ಲ?"

"ಇದೊಂದು ಉಳಿದಿತ್ತು ಮೇಸ್ತ್ರಿ."

ಕರಿಬಸವಯ್ಯ ಟಾಪಿನ ಮೇಲಿಂದ ಕೈ ತೆಗೆದ. ಸಿಟ್ಟು ಇಳಿದದ್ದು ಅವನ ಭುಜದಲ್ಲಿ ಕಾಣಿಸಿತು. "ಬಿಟ್ಟು ಹೋಗು, ಸಂಜೆ ಬಾ" ಎಂದ. "ಭಟ್ರ ಹತ್ರ ನೀನೇ ಮಾಡಿದ್ದು ಅಂತ ಹೇಳ್ಕೋ. ನಾನು ಬಾಯಿ ಬಿಡೋದಿಲ್ಲ, ಇವರೂ ಬಿಡೋದಿಲ್ಲ."

ದಾರಿಯಲ್ಲಿ ಯೋಗೇಶ ಲೆಕ್ಕ ಹಾಕಿಕೊಂಡು ಬಂದಿದ್ದಕ್ಕಿಂತ ಇದು ಹೆಚ್ಚಾಗಿತ್ತು. ಕಾರು ಸರಿಯಾಗುತ್ತದೆ, ಮಾನ ಉಳಿಯುತ್ತದೆ. ಆದರೆ ಇನ್ನೊಂದು ಟಾಪು ಬಂದ ದಿನ ಮತ್ತೆ ಇದೇ ರಸ್ತೆ ಹಿಡಿಯಬೇಕು.

"ನಾನು ಹೋಗೋದಿಲ್ಲ. ಇಲ್ಲೇ ನಿಂತು ನೋಡ್ತೇನೆ."

"ನೋಡೋದು ಎಂತ ಇದೆ ಅದರಲ್ಲಿ?"

"ಎಂತದೂ ಇಲ್ಲಾಂದ್ರೆ ನೋಡಿದ್ರೆ ನಿಮಗೆಂತ?"

ಮೇಸ್ತ್ರಿ ಉಳಿದ ಆಳುಗಳನ್ನು ರಸ್ತೆಬದಿಯಲ್ಲಿ ನಿಂತಿದ್ದ ಬಸ್ಸಿನ ಬಂಪರು ಬಿಚ್ಚಲು ಕಳಿಸಿ, ತಗಡಿನ ಬಾಗಿಲನ್ನು ಅರ್ಧ ಎಳೆದ. ಇಬ್ಬರೂ ಸೇರಿ ಟಾಪಿನ ಪುಟ್ಟಿ, ಬಣ್ಣ ಕೆರೆದು ಬರಿ ತಗಡು ತೆಗೆದರು. ಒಳಗಿನ ಬಟ್ಟೆ ಇಳಿಸಿದರು. ಕರಿಬಸವಯ್ಯ ಗ್ಯಾಸು ಹಚ್ಚಿ, ಉರಿಯನ್ನು ಸೂಜಿಯಷ್ಟು ಸಣ್ಣದು ಮಾಡಿ, ನಡುವಿನಲ್ಲಿ ಒಂದು ಜಾಗ ಕಾಯಿಸಿದ. ಕೆಂಪಾದ ಕೂಡಲೇ ಸುತ್ತ ತಟ್ಟಿ ಗೋಣಿ ಒತ್ತಿದ. ಚುಂಯ್ ಎಂದು ಹಬೆ ಎದ್ದಿತು. ಆ ಜಾಗ ಗಟ್ಟಿಯಾಗಿತ್ತು. ಡಬಕ್ ಮಾತ್ರ ಒಂದು ಗೇಣು ಆಚೆಗೆ ಸರಿದು ಕೂತಿತ್ತು.

ಅಲ್ಲಿ ಕಾಯಿಸಿದ. ಅದು ಹಿಂದಕ್ಕೆ ಬಂತು. ಮೂರನೆಯ ಸಲ ಉರಿ ತುಸು ಹೆಚ್ಚು ಹೊತ್ತು ನಿಂತಿತು. ತಗಡು ಎಳೆದುಕೊಂಡು ಹೊಸದೊಂದು ಸುಕ್ಕು ಎದ್ದಿತು. ಕರಿಬಸವಯ್ಯ ತನ್ನಷ್ಟಕ್ಕೇ ಬೈದುಕೊಂಡ. ಹೆಬ್ಬೆರಳನ್ನು ಅಲ್ಲೊಮ್ಮೆ ಇಲ್ಲೊಮ್ಮೆ ಒತ್ತುತ್ತ, ಕತ್ತಲಲ್ಲಿ ಚಿಲಕ ಹುಡುಕುವವನಂತೆ ಟಾಪಿನ ಮೇಲೆಲ್ಲ ತಡಕಾಡಿದ. ಬೆವರು ಮೂಗಿನ ತುದಿಯಿಂದ ತಗಡಿನ ಮೇಲೆ ತೊಟ್ಟಿಕ್ಕಿತು.

ಬಚ್ಚಿಟ್ಟ ವಿದ್ಯೆ ಕಾಣಿಸುತ್ತದೆ ಎಂದು ಯೋಗೇಶ ನಿಂತಿದ್ದ. ಕಾಣಿಸಿದ್ದು ಅಂದಾಜು.

"ಪ್ರತಿ ಸಲ ಹೀಗೇನಾ ಮೇಸ್ತ್ರಿ?"

"ಪ್ರತಿ ಸಲ" ಎಂದ ಕರಿಬಸವಯ್ಯ, ತಲೆ ಎತ್ತದೆ. "ಕೆಲವು ಬರ್ತವೆ. ಬಾರದ್ದನ್ನು ಕತ್ತರಿಸಿ ಬೇರೆ ತುಂಡು ಬೆಸೀತೇನೆ. ಮೇಸ್ತ್ರಿ ಹೀಗೆ ತಡಕಾಡೋದು ನೋಡಿದ್ರೆ ನಾಳೆ ಯಾವ ಆಳು ನನ್ನ ಮಾತು ಕೇಳ್ತಾನೆ?"

"ಅದಕ್ಕಾ ನಮ್ಮನ್ನ ಟೀಗೆ ಕಳಿಸ್ತಿದ್ದದ್ದು?"

"ಟೀ ಕುಡಿದಿದ್ದೀಯಲ್ಲ? ಸುಮ್ಮನಿರು."

ಸ್ವಲ್ಪ ಹೊತ್ತಿನ ಮೇಲೆ ಯೋಗೇಶ ಯಾರೂ ಹೇಳದೆ ಕಾರಿನೊಳಗೆ ಹೋಗಿ ಮಂಡಿಯೂರಿ ಕೂತ. ತಗಡಿನ ಒಳಮೈಗೆ ಅಂಗೈ ಹಚ್ಚಿ, ಮೆಲ್ಲಗೆ ಒತ್ತಿ, ಎಲ್ಲಿ ಸಡಿಲ ಎಂದು ಹುಡುಕಿದ. "ಇಲ್ಲಿ ಮೇಸ್ತ್ರಿ" ಎಂದು ಬೆರಳ ಗೆಣ್ಣಿನಿಂದ ತಟ್ಟಿದ. ಮೇಲಿನಿಂದ ಕರಿಬಸವಯ್ಯ ಸೀಮೆಸುಣ್ಣದ ಗುರುತು ಹಾಕಿ, "ಕೈ ತೆಗಿ" ಎಂದು ಕಾಯಿಸಿದ. ಮೇಲಿನಿಂದ ಒತ್ತಿದರೆ ಜಾರಿ ತಪ್ಪಿಸಿಕೊಳ್ಳುತ್ತಿದ್ದ ಸಡಿಲು ಕೆಳಗಿನ ಅಂಗೈಗೆ ಸಿಗುತ್ತಿತ್ತು. ಒಬ್ಬನಿಂದ ಆಗುವ ಕೆಲಸವಲ್ಲ ಅದು. ಇಷ್ಟು ವರ್ಷ ಮೇಸ್ತ್ರಿ ಒಬ್ಬನೇ ಮಾಡಿದ್ದ.

ಐದಾರು ಉಂಗುರಗಳಾದ ಮೇಲೆ ಕರಿಬಸವಯ್ಯ ಗ್ಯಾಸಿನ ಪೈಪನ್ನು ಕಿಟಕಿಯ ಕಡೆ ಚಾಚಿದ. "ಹಿಡ್ಕೋ. ನಂಗೆ ಸೊಂಟ ಹಿಡೀತು. ಕುಂಕುಮದ ಬಣ್ಣ ಬಂದದ್ದೇ ತೆಗಿ, ಆಸೆ ಮಾಡ್ಬೇಡ."

ಇಬ್ಬರೂ ಜಾಗ ಬದಲಿಸಿದರು. ಯೋಗೇಶ ಒಂದು ಉಂಗುರ ಕೆಡಿಸಿದ, ಉಳಿದವು ಕೂತವು. ಊಟದ ಹೊತ್ತು ಮೀರಿದಾಗ ಟಾಪು ಸುಮ್ಮನಾಗಿತ್ತು, ಹಿಂದಿನ ಗಾಜಿನ ಮೇಲ್ಗಡೆಯ ಬಲಮೂಲೆಯೊಂದನ್ನು ಬಿಟ್ಟು. ಅಲ್ಲಿ ಇನ್ನೂ ಸಣ್ಣ ಸದ್ದು ಇತ್ತು.

"ಅದನ್ನ ಈಗ ಮುಟ್ಬೇಡ" ಎಂದ ಕರಿಬಸವಯ್ಯ. "ಪೂರ್ತಿ ತಣ್ಣಗಾಗ್ಲಿ, ನಾಳೆ ಬಿಸಿಲಿಗೆ ನೋಡು. ಆಗ ನಿಜ ಹೇಳ್ತದೆ. ಮೇಲೊಂದು ಕೈ ಪ್ರೈಮರ್ ಹೊಡ್ಕೊಂಡು ಹೋಗು, ದಾರಿಯಲ್ಲಿ ಯಾರಿಗೂ ಗೊತ್ತಾಗೋದಿಲ್ಲ."

ಯೋಗೇಶ ಪ್ರೈಮರಿನ ಡಬ್ಬಿಯನ್ನು ಎತ್ತಿ ಮತ್ತೆ ಕೆಳಗಿಟ್ಟ. ಮೇಲೆ ಬಳಿದರೆ ಕಾಯಿಸಿದ ಜಾಗ ಯಾವುದು, ಕಾಯಿಸದ್ದು ಯಾವುದು ಎಂದು ನಾಳೆ ತಿಳಿಯುವುದಿಲ್ಲ. ಅಂದಾಜಿನ ಮೇಲೆ ಮತ್ತೊಮ್ಮೆ ಕೈ ಹಾಕಿದರೆ ಕೆಡುವುದೇ ಸೈ. ಅವನು ಹಾಗೆಯೇ ಹೊರಟ.

ಬರಿ ತಗಡಿನ ತುಂಬ ನೀಲಿ, ಕಪ್ಪು ಉಂಗುರಗಳಿದ್ದ ಬಿಳಿ ಕಾರು ಕೊಪ್ಪದ ಬಸ್‌ಸ್ಟ್ಯಾಂಡಿನ ಮುಂದೆ ಹಾದುಹೋದಾಗ ಸಂಜೆಯ ಬಸ್ಸಿಗೆ ಕಾದವರೆಲ್ಲ ನೋಡಿದರು. ಬಾಳಗಡಿಯ ಅಂಗಡಿಯೆದುರು ಭಟ್ಟರೇ ನಿಂತಿದ್ದರು. ಶುಕ್ರವಾರದವರೆಗೆ ಕಾಯುವ ತಾಳ್ಮೆ ಅವರಿಗಿರಲಿಲ್ಲ. ಜೊತೆಗೆ ಬಾಗಿಲು ಜಜ್ಜಿದ ಜೀಪನ್ನು ರಿಪೇರಿಗೆ ತಂದ ಎಸ್ಟೇಟಿನ ಸುಬ್ಬಪ್ಪನಿದ್ದ.

"ಇದೆಂತ ಭಟ್ರೇ, ನಿಮ್ಮ ಕಾರು ಚಿರತೆ ಆಗಿದೆ!" ಎಂದ ಸುಬ್ಬಪ್ಪ.

ಭಟ್ಟರು ನಗಲಿಲ್ಲ. "ಎಲ್ಲಿಗೆ ಹೋಗಿತ್ತಾ ಕಾರು?"

ಸುಳ್ಳು ಹೇಳಲು ಅಡ್ಡಿಯಿರಲಿಲ್ಲ. ಅದಕ್ಕೆ ಬೇಕಾದ ವ್ಯವಸ್ಥೆಯನ್ನು ಮೇಸ್ತ್ರಿ ಮಾಡಿಯೇ ಕಳಿಸಿದ್ದ. ಯೋಗೇಶ ಕೀಲಿಕೈಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಹಾಕಿಕೊಂಡ.

"ಎನ್.ಆರ್. ಪುರಕ್ಕೆ. ಹಾಳು ಮಾಡಿದ್ದು ನಾನು ಭಟ್ರೇ. ಸರಿ ಮಾಡಿದ್ದು ಅರ್ಧ ಕರಿಬಸವಯ್ಯನೋರು, ಅರ್ಧ ನಾನು. ಹಿಂದಿನ ಮೂಲೆ ಒಂದು ಇನ್ನೂ ಬಾಕಿ ಇದೆ."

"ಅಲ್ಲಿ ಕಲಿಯೋದೇ ಇರ್ಲಿಲ್ಲ ಅಂತಿದ್ದೆ ನೀನು?" ಎಂದ ಸುಬ್ಬಪ್ಪ.

"ಅಂತಿದ್ದೆ."

"ಹಂಗಾದ್ರೆ ನಾನು ಸೀದಾ ಅಲ್ಲಿಗೇ ಹೋಗ್ತೇನಪ್ಪ. ಅರ್ಧ ಅರ್ಧ ಯಾಕೆ?" ಎಂದು ಸುಬ್ಬಪ್ಪ ಜೀಪು ಹತ್ತಿದ. ಮರುದಿನ ಅವನು ಹೋದದ್ದೂ ಅಲ್ಲಿಗೇ. ಅವನ ಬಾಯಿಂದ ಸುದ್ದಿ ಕೊಪ್ಪ ತುಂಬಾ ಹಬ್ಬಿತು.

ಭಟ್ಟರು ಟಾಪಿನ ಮೇಲೆ ಹೆಬ್ಬೆರಳು ಒತ್ತುತ್ತ ಹೋದರು. ಮುಂದೆ ಸದ್ದಿಲ್ಲ, ನಡುವೆ ಸದ್ದಿಲ್ಲ. ಬಲಮೂಲೆಯಲ್ಲಿ ಸಣ್ಣಗೆ ಡಬಕ್ ಎಂದಿತು.

"ಇದಕ್ಕೆ ಮತ್ತೆ ಅಲ್ಲಿಗೆ ಹೋಗ್ಬೇಕಾ?"

"ಬೇಡ. ನಾಳೆ ಇಲ್ಲೇ ಮಾಡ್ತೇನೆ. ಕಾರಿನೊಳಗೆ ಒಬ್ಬರು ಕೂತು ಎಲ್ಲಿ ಸಡಿಲ ಅಂತ ಹೇಳ್ಬೇಕು, ಅಷ್ಟೇ."

"ಯಾರು ಕೂರ್ತಾರೆ?"

"ಅಪ್ಪನಿಗೆ ಹೇಳ್ತೇನೆ."

"ಐತನಿಗೆ ನಾಳೆ ತೋಟದಲ್ಲಿ ಕೆಲಸ ಇದೆ" ಎಂದರು ಭಟ್ಟರು. ಸ್ವಲ್ಪ ಯೋಚಿಸಿ, "ನಾನೇ ಕೂರ್ತೇನೆ. ನನ್ನ ಕಾರಲ್ವಾ?" ಎಂದರು.

ಶುಕ್ರವಾರ ಬಿಸಿಲೇರಿದ ಮೇಲೆ ಭಟ್ಟರು ಪಂಚೆ ಮೇಲೆ ಕಟ್ಟಿ, ಹಿಂದಿನ ಸೀಟು ಬಿಚ್ಚಿದ್ದ ಕಾರಿನೊಳಗೆ ಕುಕ್ಕರುಗಾಲಲ್ಲಿ ಕೂತು, ಅಂಗೈಯಿಂದ ತಗಡು ಒತ್ತಿದರು. "ಇಲ್ಲಿ... ಅಲ್ಲ, ಇಲ್ಲಿ" ಎಂದರು. "ಕೈ ತೆಗೀರಿ ಭಟ್ರೇ" ಎಂದು ಯೋಗೇಶ ಕಾಯಿಸಿದ, ತಟ್ಟಿದ, ಗೋಣಿ ಒತ್ತಿದ. ಮೊದಲನೆಯದಕ್ಕೆ ಬಗ್ಗಲಿಲ್ಲ. ಎರಡನೆಯದಕ್ಕೆ ಮೂಲೆ ಗಟ್ಟಿಯಾಯಿತು. ಭಟ್ಟರು ಹೊರಗೆ ಬಂದು, ಬೆವರೊರೆಸಿಕೊಂಡು, ಮೂಲೆಯನ್ನು ಒತ್ತಿ ನೋಡಿದರು. ನಂಬಿಕೆಯಾಗದೆ ಅಂಗೈಯಿಂದ ಬಡಿದೂ ನೋಡಿದರು.

"ಬಣ್ಣ ಯಾವಾಗ?"

"ಪುಟ್ಟಿ ಒಣಗ್ಬೇಕು. ಸೋಮವಾರ."

"ಈ ಸಲ ಪುಟ್ಟಿ ತೆಳ್ಳಗಿರ್ಲಿ" ಎಂದು ಹೇಳಿ ಭಟ್ಟರು ನಾರ್ವೆಯ ಬಸ್ಸಿಗೆ ನಡೆದರು. ಕಾರು ಬಾಳಗಡಿಯಲ್ಲೇ ಉಳಿಯಿತು.