ಸಪ್ಪೆ ಗಾಡಿಯ ನೀಲಿ ಬಟ್ಟಲು

ಬೀದಿಯವರು ಆ ತಿಂಡಿ ಗಾಡಿಗೆ ಇಟ್ಟ ಹೆಸರು ಸಪ್ಪೆ ಗಾಡಿ. ಆಸ್ಪತ್ರೆಯ ಹಿಂಬಾಗಿಲಿನ ಎದುರು, ಸೈಕಲ್ ರಿಪೇರಿ ಅಂಗಡಿಯ ಪಕ್ಕ ಅದರ ಜಾಗ. ಎಣ್ಣೆ ಇಲ್ಲ, ಉಪ್ಪು ಇಲ್ಲ. ಮತ್ತೇನಿದೆ ಮಹರಾಯ ಎಂದು ಕೇಳಿದವರಿಗೆ ಅಪ್ಪ, “ಆಯುಸ್ಸು ಇದೆ, ತಗೊಳ್ಳಿ” ಎನ್ನುತ್ತಿದ್ದ. ಹಾಗೆ ಆಯುಸ್ಸು ಹಂಚಿದವನು ಹೋಗಿ ಎಂಟು ತಿಂಗಳಾಗಿತ್ತು. ಈಗ ಗಾಡಿ ಮಗಳದ್ದು. ಅಮ್ಮ ಜೊತೆಗಿರುತ್ತಿದ್ದಳು.

ಅಪ್ಪ ಮೊದಲು ಹಡಗಿನಲ್ಲಿ ಅಡುಗೆಯವನಾಗಿದ್ದ. ಬಂದರು ಸಿಕ್ಕಲ್ಲೆಲ್ಲ ಇಳಿದು ಬೀದಿಬದಿಯಲ್ಲಿ ತಿಂದು ಬರುತ್ತಿದ್ದ. ಜೀರಿಗೆ ಹಾಕಿ ಬೇಯಿಸಿದ ಕಾಳು ಒಂದು ಬಂದರಿನದು, ನಿಂಬೆ ಹಿಂಡಿದ ಮುಸುಕಿನ ಜೋಳ ಇನ್ನೊಂದರದು. ಎಲೆ ಸುತ್ತಿ ಹಬೆಯಲ್ಲಿ ಬೇಯಿಸಿದ ಮೀನನ್ನು ಯಾವ ಊರಿನ ಮುದುಕಿಯಿಂದ ಕಲಿತನೋ, ಕೇಳಿದಾಗಲೆಲ್ಲ ಬೇರೆ ಊರು ಹೇಳುತ್ತಿದ್ದ. ಮೂತ್ರಪಿಂಡ ಕೈಕೊಟ್ಟು, ಡಾಕ್ಟರು ಉಪ್ಪು ಮುಟ್ಟಬೇಡ ಎಂದಾಗ, ತನಗಿಲ್ಲದ್ದು ಊರಿಗೂ ಬೇಡ ಎಂದು ಗಾಡಿಯಿಂದ ಉಪ್ಪಿನ ಡಬ್ಬಿಯನ್ನೇ ಎತ್ತಿಸಿಬಿಟ್ಟ. ಹಟಮಾರಿ. ವ್ಯಾಪಾರ ಮುಳುಗುತ್ತದೆ ಎಂದುಕೊಂಡರೆ ಕುದುರಿತು. ಆಸ್ಪತ್ರೆಗೆ ಬರುವವರಲ್ಲಿ ಅರ್ಧ ಜನ ಅವನಂತೆಯೇ ಬಾಯಿ ಕಟ್ಟಿದವರು.

ದಿನದ ಮೊದಲ ಸೌಟು ಅಪ್ಪನ ನೀಲಿ ಬಟ್ಟಲಿಗೆ. ಅವನು ರುಚಿ ನೋಡದೆ ಮಾರಾಟ ಶುರುವಾಗುತ್ತಿರಲಿಲ್ಲ. ಅವನು ಹೋದ ಮೇಲೂ ತಾಯಿ ಮಗಳು ಅದನ್ನು ಬಿಡಲಿಲ್ಲ. ಮೊದಲ ಸೌಟು ಕಾಳನ್ನು ನೀಲಿ ಬಟ್ಟಲಿಗೆ ಹಾಕಿ, ಅರೆ ಗಳಿಗೆ ಹಲಗೆಯ ಮೇಲಿಟ್ಟು, ಆಮೇಲೆ ಮೊದಲ ಗಿರಾಕಿಗೆ ಕೊಡುತ್ತಿದ್ದರು. ಆ ಗಿರಾಕಿ ಯಾವಾಗಲೂ ಪಕ್ಕದ ಬೀದಿಯ ಹೊಲಿಗೆಯವಳು. ಅವಳಿಗೂ ಅಪ್ಪನದೇ ಕಾಯಿಲೆ.

ಒಂದು ಬೆಳಿಗ್ಗೆ ಅವಳು ಬಾಯಿಗಿಟ್ಟದ್ದನ್ನು ಉಗುಳಿದಳು. “ಏನಮ್ಮಾ ಇದು, ಇಷ್ಟು ಉಪ್ಪು!”

ಮಗಳು ಪಾತ್ರೆಯ ಕಾಳು ತಿಂದು ನೋಡಿದಳು. ಸಪ್ಪೆ. ಬಟ್ಟಲಿನದು ತಿಂದಳು. ಉಪ್ಪು.

ಮಾರನೆಯ ದಿನ ಬಟ್ಟಲನ್ನು ಬೂದಿ ಹಾಕಿ ತಿಕ್ಕಿದಳು, ನೀರು ಬದಲಿಸಿದಳು. ಆದರೂ ಉಪ್ಪು. ಮೂರನೆಯ ದಿನ ಬಟ್ಟಲಿನ ಮೇಲೆ ಕಣ್ಣಿಟ್ಟು ನಿಂತೇ ಇದ್ದಳು. ಯಾರೂ ಮುಟ್ಟಲಿಲ್ಲ, ಒಂದು ನೊಣವೂ ಕೂರಲಿಲ್ಲ. ಉಪ್ಪು ಮಾತ್ರ ಇತ್ತು. ಹೇಗೆ ಬಂತೆಂದು ಅವಳಿಗೆ ತಿಳಿಯಲಿಲ್ಲ, ಯಾಕೆ ಬಂತೆಂದು ಚೆನ್ನಾಗಿಯೇ ಗೊತ್ತಿತ್ತು.

ಬದುಕಿದ್ದಾಗ, ಅಮ್ಮ ನೀರು ತರಲು ಹೋದಾಗಲೆಲ್ಲ ಅಪ್ಪ ಬಟ್ಟಲು ಚಾಚುತ್ತಿದ್ದ. “ಒಂದೇ ಒಂದು ಚಿಟಿಕೆ ಮಗಳೇ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ. ಗಾದೆಯಲ್ಲೂ ನೋಡು, ಉಪ್ಪು ಮೊದಲು, ನಿಮ್ಮಮ್ಮ ಆಮೇಲೆ. ಅವಳಿಗೆ ಹೇಳ್ಬೇಡ.” ಏಳು ಸಮುದ್ರದ ರುಚಿ ಕಂಡ ಮನುಷ್ಯ ಮಗುವಿನ ಹಾಗೆ ಬೇಡುವುದನ್ನು ನೋಡಲಾಗದೆ ಅವಳು ಜೇಬಿನ ಪೊಟ್ಟಣದಿಂದ ಒಂದು ಚಿಟಿಕೆ ಹಾಕುತ್ತಿದ್ದಳು. ಅಪ್ಪನ ಕಾಲು ಊದಿತು. ಉಸಿರು ಕಟ್ಟಿತು. “ಇವರಿಗೆ ಉಪ್ಪು ಕೊಡ್ತಿರೋದು ಯಾರು?” ಎಂದು ಡಾಕ್ಟರು ಕೇಳಿದಾಗ ಮಗಳು ನೆಲ ನೋಡಿದಳು. ಅಮ್ಮನೂ ನೆಲ ನೋಡಿದಳು.

ಅಪ್ಪನನ್ನು ಕೊಂದವಳು ನಾನು. ಎಂಟು ತಿಂಗಳಿಂದ ಅವಳು ಈ ಮಾತನ್ನು ನುಂಗಿಕೊಂಡಿದ್ದಳು. ಅಮ್ಮನಿಗೆ ತಿಳಿದರೆ ತನ್ನ ಮುಖ ನೋಡಿಯಾಳೇ?

ಏಳನೆಯ ದಿನ ಹೊಲಿಗೆಯವಳು ಬಟ್ಟಲನ್ನು ಹಾಗೇ ತಳ್ಳಿದಳು. “ನಾಳೆಯೂ ಹೀಗೇ ಇದ್ರೆ ನಾನು ಬರಲ್ಲ. ನಂಗೂ ಮಕ್ಕಳಿದ್ದಾರೆ ತಾಯೀ.”

ಅವಳು ಅತ್ತ ಹೋದದ್ದೇ ಮಗಳು ಬಟ್ಟಲನ್ನು ಕಸದ ಡಬ್ಬಿಗೆ ಎಸೆಯಹೋದಳು. ಅಮ್ಮ ಕೈ ಹಿಡಿದಳು.

“ಬಿಡಮ್ಮಾ! ಅಪ್ಪ ಬಿಡ್ತಿಲ್ಲ ನನ್ನನ್ನ. ಉಪ್ಪು ಹಾಕ್ತಿದ್ದವಳು ನಾನು.”

ಅಮ್ಮ ಸ್ಟೂಲಿನ ಮೇಲೆ ಕೂತಳು. ಬಟ್ಟಲಿನ ಅಂಚನ್ನು ಬೆರಳಿನಿಂದ ಒರೆಸಿದಳು.

“ದಿನಾನಾ?”

“ದಿನಾ. ನೀನು ನೀರಿಗೆ ಹೋದಾಗ.”

“ನೀನು ಮೀನು ಸುತ್ತೋಕೆ ಎಲೆ ತರೋಕೆ ಹೋಗ್ತಿದ್ದೆಯಲ್ಲ,” ಎಂದಳು ಅಮ್ಮ, “ಆಗ ನಾನು. ಮಗಳಿಗೆ ಹೇಳ್ಬೇಡ ಅಂದಿದ್ರು. ಒಂದು ಚಿಟಿಕೆಗೇನಾಗುತ್ತೆ ಅಂದ್ಕೊಂಡೆ ಕಣೇ.”

ಇವಳದೊಂದು ಚಿಟಿಕೆ, ಅವಳದೊಂದು ಚಿಟಿಕೆ. ತಿಂದವನಿಗೊಬ್ಬನಿಗೇ ಎರಡರ ಲೆಕ್ಕವೂ ಗೊತ್ತಿತ್ತು. ಕೊಟ್ಟವರಿಬ್ಬರೂ ಒಂದೇ ಚಿಟಿಕೆ ಎಂದು ನಂಬಿದ್ದರು. ಮಗಳಿಗೆ ಸತ್ತವನ ಮೇಲೆ ಕೆಂಡದಂಥ ಸಿಟ್ಟು ಬಂತು. ಎಂಥ ಕಳ್ಳ! ಆಮೇಲೆ ಅಮ್ಮನ ತೊಡೆಯ ಮೇಲೆ ಮುಖವಿಟ್ಟು, ರಸ್ತೆಯೆಂಬುದನ್ನೂ ಮರೆತು ಅತ್ತಳು.

ಮಾರನೆಯ ಬೆಳಿಗ್ಗೆ ಹೊಲಿಗೆಯವಳು ಅನುಮಾನದಿಂದಲೇ ಒಂದು ಚಮಚ ಬಾಯಿಗಿಟ್ಟಳು. ತಾಯಿ ಮಗಳು ಅವಳ ಮುಖವನ್ನೇ ನೋಡುತ್ತ ನಿಂತರು.

“ಸಪ್ಪೆ,” ಎಂದಳು ಅವಳು ಖುಷಿಯಿಂದ. “ಈಗ ಸರಿಯಾಯ್ತು ನೋಡಿ.”

ಅವಳು ತಿಂದು ಹೋದ ಮೇಲೆ ಅಮ್ಮ ನೀಲಿ ಬಟ್ಟಲಿನ ತಳದಲ್ಲಿ ಬೆರಳಾಡಿಸಿ ನಾಲಿಗೆಗಿಟ್ಟುಕೊಂಡಳು. ಇನ್ನೊಮ್ಮೆ ಇಟ್ಟುಕೊಂಡಳು.

“ಹೋಗೇಬಿಟ್ರು ಕಣೇ,” ಎಂದಳು.

ಎಂಟು ತಿಂಗಳಲ್ಲಿ ಅಮ್ಮ ಅತ್ತದ್ದು ಅಂದೇ ಮೊದಲು.