ವಾಪಸ್ ಕೇಳಿದ ಹರಕೆ

ಮೊಂತೆಸ್ಪಿನೊ ಅರಮನೆ ಈಗ ಪ್ರಾಂತದ ಕಲಾ ಮ್ಯೂಸಿಯಂ. ದೊರೆ ಮಲಗುತ್ತಿದ್ದ ಕೋಣೆಯಲ್ಲಿ ಹರಕೆಯ ಚಿತ್ರಗಳನ್ನು ತೂಗುಹಾಕಿದ್ದರು. ಚಾವಣಿಯ ತುಂಬ ದಪ್ಪ ಕುಂಡೆಯ ಬೆತ್ತಲೆ ದೇವಶಿಶುಗಳು.

"ಇವಕ್ಕೊಂದು ಚಡ್ಡಿ ಹಾಕೋ ಯೋಗ್ಯತೆ ಇರಲಿಲ್ವಾ ಆ ದೊರೆಗೆ?" ಎಂದಳು ನೆರೀನಾ.

ಸೊಸೆ ಲವೀನಿಯಾ ಚಾವಣಿಯತ್ತ ತಲೆಯೆತ್ತದೆ ಅವಳ ಹಿಂದೆ ನಡೆದಳು. ಗಂಡ ಸತ್ತಾಗಿನಿಂದ ಅವಳಿಗೆ ಮಾತು ಬೇಕೆನಿಸುತ್ತಿರಲಿಲ್ಲ.

ಅತ್ತೆ ಬಂದದ್ದು ತಾನು ಹರಕೆ ಒಪ್ಪಿಸಿದ್ದ ಚಿತ್ರವನ್ನು ಹೊತ್ತೊಯ್ಯಲು. ಅದೂ ಭಾನುವಾರವೇ, ಅಂದು ಊರವರಿಗೆ ಟಿಕೆಟ್ಟಿಲ್ಲ. ತನ್ನ ವಸ್ತು ನೋಡಲು ತಾನೇ ದುಡ್ಡು ತೆರುವಷ್ಟು ಅವಳ ತಲೆ ಕೆಟ್ಟಿರಲಿಲ್ಲ.

ಮಗ ಐವಾನೊ ಮೋಟಾರ್‌ಸೈಕಲ್ಲಿನಿಂದ ಕಂದಕಕ್ಕೆ ಬಿದ್ದೂ ಬದುಕಿ ಬಂದಾಗ, ಊರ ಪದ್ಧತಿಯಂತೆ ಆ ಅಪಘಾತದ ಚಿತ್ರವನ್ನು ಹಲಗೆಯ ಮೇಲೆ ಬರೆಸಿ ಮಾತೆ ಮರಿಯಳ ಚರ್ಚಿಗೆ ಒಪ್ಪಿಸಿದ್ದಳು. ಭೂಕಂಪದಲ್ಲಿ ಚರ್ಚು ಬಿರುಕುಬಿಟ್ಟಿತು. ಹಲಗೆಗಳೆಲ್ಲ ಅರಮನೆ ಸೇರಿದವು. ಹೋದ ಚಳಿಗಾಲದಲ್ಲಿ ಐವಾನೊ ಅದೇ ತಿರುವಿನಲ್ಲಿ, ಅದೇ ಗಾಡಿಯಿಂದ ಬಿದ್ದ. ಈ ಸಲ ಏಳಲಿಲ್ಲ.

"ಕೊಟ್ಟ ಮಗನ್ನ ಆ ಮರಿಯಮ್ಮ ವಾಪಸ್ ತಗೊಂಡ್ಳು. ಕೊಟ್ಟ ಹರಕೆ ನಾನು ವಾಪಸ್ ತಗೋತೀನಿ," ಎನ್ನುತ್ತ ನೆರೀನಾ ಹಲಗೆಗೆ ಕೈಹಾಕಿದಳು.

ಕಾವಲುಗಾರ ದುಯಿಲಿಯೊ ಓಡಿ ಬಂದ. "ಅಯ್ಯೋ, ನೆರೀನಾ ಅವರೇ, ಮುಟ್ಬೇಡಿ! ಅದೀಗ ಕಲೆ!"

"ಎಂಥಾ ಕಲೆಯೋ? ಇದನ್ನ ಬರೆದೋನು ಬಾಗಿಲಿಗೆ ಬಣ್ಣ ಬಳಿಯೋ ಜೀನೊ. ನನ್ ಮಗನ ಕಾಲು ನೋಡು, ಎರಡೂ ಎಡಗಾಲು! ಮರಿಯಮ್ಮಂಗೆ ತನ್ನ ಹೆಂಡ್ತಿ ಮೂತಿ ಅಂಟಿಸಿದಾನೆ."

"ಸರ್ಕಾರ ಕಲೆ ಅಂದ್ಮೇಲೆ ಎಡಗಾಲೂ ಕಲೆನೇ. ನನ್ ಕೆಲ್ಸ ಹೋಗುತ್ತೆ, ಬಿಡಿ."

"ಹಾಗಾದ್ರೆ ಮೋಡದ ಮೇಲೆ ಕೂತಿದಾಳಲ್ಲ, ಅವಳನ್ನ ಕೆಳಗಿಳಿಸು. ಮಾತು ತಪ್ಪಿದೋಳು ಅವಳು."

ಲವೀನಿಯಾ ಹತ್ತಿರ ಬಂದು ನೋಡಿದಳು. ಚಿತ್ರದಲ್ಲಿ ಐವಾನೊ ಇನ್ನೂ ಗಾಳಿಯಲ್ಲೇ ಇದ್ದ. ಬಾಯಲ್ಲಿ ಸಿಗರೇಟೂ ಇತ್ತು.

"ಅತ್ತೆ, ಇಲ್ಲೇ ಇರ್ಲಿ," ಎಂದಳು. "ಮನೆಗೆ ಒಯ್ದರೆ ನಾವಿಬ್ರೇ ನೋಡ್ಬೇಕು. ಇಲ್ಲಾದ್ರೆ ಬಂದೋರೆಲ್ಲ ನೋಡ್ತಾರೆ, ಅವಳು ಏನು ಮಾಡಿದ್ಲು ಅಂತ."

ನೆರೀನಾಳ ಕೈ ಸಡಿಲಾಯಿತು. "ಕೆಳಗಡೆ ಚೀಟಿ ನೋಡೇ. 'ಕೃಪೆ ದೊರೆಯಿತು' ಅಂತಿದೆ. ಹಸೀ ಸುಳ್ಳು!"

ಲವೀನಿಯಾ ಚೀಲದಿಂದ ಪೆನ್ನು ತೆಗೆದು ಚೀಟಿಯ ಕಡೆ ಬಾಗಿದಳು.

"ಪೆನ್ನು ಇಲ್ಲಿ ಕಟ್ಟುನಿಟ್ಟಾಗಿ ನಿಷೇಧ," ಎಂದು ದುಯಿಲಿಯೊ ಗದರಿದ. ಆಮೇಲೆ ತನ್ನ ಜೇಬಿನ ಪೆನ್ಸಿಲನ್ನು ಅವಳ ಕೈಗಿತ್ತು, ಕಿಟಕಿಯ ಕಡೆ ತಿರುಗಿ ನಿಂತ.

ಲವೀನಿಯಾ ಬರೆದಳು: 'ಆಮೇಲೆ ಹಿಂದಕ್ಕೆ ಪಡೆಯಲಾಯಿತು.'

"ಇನ್ನೂ ದಪ್ಪಕ್ಷರದಲ್ಲಿ ಬರಿಯೇ," ಎಂದಳು ನೆರೀನಾ. "ಅವಳಿಗೆ ಮೋಡದ ಮೇಲಿಂದ ಕಾಣ್ಬೇಕು."